ನಂಬುವವರಿಗೂ ಪ್ರಶ್ನೆ ಕೇಳುವ ಹಕ್ಕಿದೆ

ಮಾನ್ಯ ಸಂಪಾದಕರೇ,

ಕ್ರೈಸ್ತ ನಂಬಿಕೆಯ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಓದುಗರ ಪತ್ರವೊಂದರಲ್ಲಿ, ತರ್ಕ ಶುರುವಾದ ಕಡೆ ನಂಬಿಕೆ ಮುಗಿಯುತ್ತದೆ ಎಂಬ ಮಾತಿತ್ತು. ನಾನು ಕ್ರೈಸ್ತ. ಈ ಮಾತನ್ನು ಒಪ್ಪಲು ನನ್ನಿಂದಾಗದು. ಕೆಲವು ನಾಸ್ತಿಕರು ಇದನ್ನೇ ಹೇಳುತ್ತಾರೆ, ಕೆಲವು ಬೋಧಕರೂ ಇದನ್ನೇ ಹೇಳುತ್ತಾರೆ. ಇಬ್ಬರೂ ಸತ್ಯವೇದವನ್ನು, ಅಂದರೆ ಬೈಬಲನ್ನು, ಇನ್ನೊಮ್ಮೆ ಓದಬೇಕು ಅನ್ನಿಸುತ್ತದೆ.

ಪ್ರಶ್ನೆ ಕೇಳುವವರ ಬಾಯಿ ಮುಚ್ಚಿಸಲು ಜಾಸ್ತಿ ಬಳಕೆಯಾಗುವುದು ಯೇಸುವಿನ ಶಿಷ್ಯ ತೋಮನ ಕಥೆ. 'ನೋಡದೆ ನಂಬಿದವರು ಧನ್ಯರು' ಎಂದು ಯೇಸು ಹೇಳಿದನಲ್ಲ, ಮತ್ತೆ ಪ್ರಶ್ನೆ ಯಾಕೆ ಅನ್ನುತ್ತಾರೆ. ಯೋಹಾನನ ಸುವಾರ್ತೆಯ 20ನೇ ಅಧ್ಯಾಯವನ್ನು ಪೂರ್ತಿ ಓದಿ. ಶಿಲುಬೆಯ ಮೇಲೆ ಸತ್ತ ಯೇಸು ಎದ್ದು ಬಂದಿದ್ದಾನೆ ಎಂಬುದಕ್ಕೆ ತೋಮ ಸಾಕ್ಷಿ ಕೇಳಿದ. ಯೇಸು ಅವನನ್ನು ಹೊರಗೆ ಕಳಿಸಲಿಲ್ಲ, ಗಾಯಗಳನ್ನು ತೋರಿಸಿದ. ಅದಕ್ಕೂ ಮೊದಲು ಉಳಿದ ಶಿಷ್ಯರಿಗೂ ಕೈಯನ್ನೂ ಪಕ್ಕೆಯನ್ನೂ ತೋರಿಸಿದ್ದ. ಅವರಿಗೆ ಸಿಕ್ಕಿದ್ದನ್ನೇ ತೋಮನೂ ಕೇಳಿದ, ಅಷ್ಟೇ ಅಲ್ವಾ? ಇನ್ನು ಆ ಅಧ್ಯಾಯದ ಕೊನೆಯಲ್ಲಿ, ನೀವು ನಂಬಬೇಕೆಂದೇ ಇದನ್ನೆಲ್ಲ ಬರೆದಿದೆ ಎನ್ನುತ್ತಾನೆ ಯೋಹಾನ. ಅಂದರೆ ಕಣ್ಣಾರೆ ನೋಡದವರ ಕೈಗೂ ಸಾಕ್ಷಿ ಕೊಟ್ಟೇ ನಂಬಿ ಅನ್ನುತ್ತಿದ್ದಾನೆ. ಸುಮ್ನೆ ನಂಬಿ ಅನ್ನುತ್ತಿಲ್ಲ.

ಯೇಸುವಿನ ಸಂದೇಶವನ್ನು ಊರೂರಿಗೆ ಸಾರಿದ ಪೌಲನೂ ಹಾಗೆಯೇ. ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ, ಕ್ರಿಸ್ತನು ಎದ್ದು ಬಂದಿಲ್ಲವಾದರೆ ನಿಮ್ಮ ನಂಬಿಕೆ ವ್ಯರ್ಥ ಎಂದು ನೇರವಾಗಿ ಬರೆದ. ತನ್ನ ಮಾತು ಸುಳ್ಳಾಗುವುದಾದರೆ ಎಲ್ಲಿ ಸುಳ್ಳಾಗಬಹುದು ಎಂದು ಅವನೇ ತೋರಿಸಿಕೊಟ್ಟ. ಎದ್ದು ಬಂದ ಯೇಸುವನ್ನು ಐನೂರಕ್ಕೂ ಹೆಚ್ಚು ಜನ ನೋಡಿದರು, ಅವರಲ್ಲಿ ಬಹಳ ಮಂದಿ ಇನ್ನೂ ಬದುಕಿದ್ದಾರೆ ಎಂದೂ ಬರೆದ. ಪ್ರಶ್ನೆಗೆ ಹೆದರುವವನು ಹೀಗೆ ಬರೆಯುತ್ತಾನೆಯೇ? ಅದೇ ಪೌಲನ ಬೋಧನೆಯನ್ನು ಬೆರೋಯ ಎಂಬ ಊರಿನ ಜನ ದಿನಾ ಧರ್ಮಗ್ರಂಥದ ಜೊತೆ ಹೋಲಿಸಿ ನೋಡುತ್ತಿದ್ದರು. ಸತ್ಯವೇದದ 'ಅಪೊಸ್ತಲರ ಕೃತ್ಯಗಳು' ಎಂಬ ಪುಸ್ತಕ ಅವರನ್ನು ಹೊಗಳುತ್ತದೆ.

ಮುಂದಿನ ಕಾಲದ ಒಂದು ಸಂಗತಿ ನನಗೆ ತುಂಬಾ ಇಷ್ಟ. 11ನೇ ಶತಮಾನದಲ್ಲಿ ಆನ್ಸೆಲ್ಮ್ ಎಂಬ ಸನ್ಯಾಸಿ ದೇವರಿದ್ದಾನೆಂದು ಬರೀ ತರ್ಕದಿಂದ ತೋರಿಸಲು ಹೊರಟ. ಯಾವುದಕ್ಕಿಂತ ದೊಡ್ಡದನ್ನು ಯೋಚಿಸಲೂ ಆಗದೋ ಅದೇ ದೇವರು, ಅಂಥದ್ದು ಬರೀ ಮನಸ್ಸಿನಲ್ಲಿದ್ದರೆ ಸಾಲದು, ನಿಜವಾಗಿಯೂ ಇರಲೇಬೇಕು ಎಂಬುದು ಅವನ ವಾದ. ಗೌನಿಲೊ ಎಂಬ ಇನ್ನೊಬ್ಬ ಸನ್ಯಾಸಿ ಇದನ್ನು ಒಪ್ಪಲಿಲ್ಲ. ಹಾಗಾದರೆ ಎಲ್ಲಕ್ಕಿಂತ ಚೆಂದದ ದ್ವೀಪವೊಂದನ್ನು ಯೋಚಿಸಿದರೆ ಅದೂ ಎಲ್ಲೋ ಇರಲೇಬೇಕಾಗುತ್ತದಲ್ಲ ಎಂದು ಕೇಳಿದ. ಅವನೂ ದೇವರನ್ನು ನಂಬಿದವನೇ. ಆದರೂ ಈ ವಾದ ನಿಲ್ಲುವುದಿಲ್ಲ ಎಂದ. ಆನ್ಸೆಲ್ಮ್ ಸಿಟ್ಟಾಗಲಿಲ್ಲ. ಉತ್ತರ ಬರೆದ. ಇನ್ನು ಮುಂದೆ ನನ್ನ ಪುಸ್ತಕ ನಕಲು ಮಾಡುವವರು ಗೌನಿಲೊನ ಟೀಕೆಯನ್ನೂ ಜೊತೆಗೆ ಸೇರಿಸಬೇಕು ಎಂದ. ಆ ವಾದ ಸರಿಯೋ ತಪ್ಪೋ ಎಂದು ಇಂದಿಗೂ ಜಗಳವಿದೆ. (ನನಗೆ ಗೌನಿಲೊನ ಪ್ರಶ್ನೆಯೇ ಗಟ್ಟಿ ಅನ್ನಿಸುತ್ತದೆ.) ಆದರೆ ತನ್ನನ್ನು ಟೀಕಿಸಿದವನಿಗೆ ತನ್ನ ಪುಸ್ತಕದಲ್ಲೇ ಜಾಗ ಕೊಟ್ಟ ಆ ಧೈರ್ಯ ಇಂದಿನ ಎಷ್ಟು ಬೋಧಕರಲ್ಲಿದೆ?

13ನೇ ಶತಮಾನದ ಕ್ರೈಸ್ತ ಚಿಂತಕ ಥಾಮಸ್ ಅಕ್ವಿನಾಸ್ ಕೂಡ ತನ್ನ ಪ್ರಮುಖ ಗ್ರಂಥದಲ್ಲಿ ಪ್ರತಿ ವಿಷಯದಲ್ಲೂ ಎದುರಾಳಿಯ ವಾದವನ್ನೇ ಮೊದಲು ಬರೆಯುತ್ತಿದ್ದ.

ನಮ್ಮ ಪರವಾಗಿರುವ ವಾದವನ್ನೂ ಇದೇ ರೀತಿ ಪರೀಕ್ಷಿಸಬೇಕು. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲೇ ಬರೆದ ಜಾರ್ಜ್ ಲೆಮೈತ್ರ್ ಕ್ಯಾಥೊಲಿಕ್ ಪಾದ್ರಿ. ವಿಜ್ಞಾನದ ಈ ಹೊಸ ಚಿತ್ರ ಸೃಷ್ಟಿಕರ್ತನ ಕಡೆಗೆ ಬೆರಳು ತೋರಿಸುತ್ತದೆ ಎಂಬ ಅರ್ಥದಲ್ಲಿ 1951ರಲ್ಲಿ ಪೋಪ್ 12ನೇ ಪಿಯಸ್ ಮಾತಾಡಿದಾಗ ಲೆಮೈತ್ರ್‌ಗೆ ಅದು ಹಿಡಿಸಲಿಲ್ಲ. ಭೌತಶಾಸ್ತ್ರದ ಸಿದ್ಧಾಂತವನ್ನು ದೇವರಿಗೆ ಸಾಕ್ಷಿಯಾಗಿ ಬಳಸಬಾರದು ಎಂಬುದು ಅವರ ನಿಲುವು.

ನನಗೆ ಜಾಸ್ತಿ ನೋವಾಗುವುದು ಗುಣಪಡಿಸುವ ಕೂಟಗಳ ವಿಷಯದಲ್ಲಿ. ಗುಣವಾದವರನ್ನು ವೇದಿಕೆಗೆ ಕರೆದು ಸಾಕ್ಷಿ ಹೇಳಿಸುತ್ತಾರೆ. ಪ್ರಾರ್ಥಿಸಿಯೂ ಗುಣವಾಗದವರನ್ನು ಯಾರೂ ಕರೆಯುವುದಿಲ್ಲ. ಮೇಲಾಗಿ, ನಿನಗೆ ನಂಬಿಕೆ ಸಾಲದು ಎಂಬ ಮಾತು ಅವರ ಮೇಲೆ ಬೀಳುತ್ತದೆ. ಗುಣವಾದರೂ ವಾದ ಗೆದ್ದಂತೆ, ಗುಣವಾಗದಿದ್ದರೂ ಗೆದ್ದಂತೆ. ಇದು ತರ್ಕದ ತಪ್ಪು ಮಾತ್ರವಲ್ಲ, ನರಳುವವರ ಮೇಲೆ ಮಾಡುವ ಅನ್ಯಾಯ. ಸತ್ಯವೇದದಲ್ಲಿ ಕಷ್ಟಕ್ಕೆ ಸಿಕ್ಕಿದ ಯೋಬನಿಗೆ ಅವನ ಗೆಳೆಯರೂ ಇದನ್ನೇ ಮಾಡಿದರು, ತಪ್ಪು ನಿನ್ನದೇ ಎಂದರು. ಕೊನೆಗೆ ದೇವರು ಸಿಟ್ಟಾಗಿದ್ದು ಆ ಗೆಳೆಯರ ಮೇಲೆ.

ತರ್ಕದಿಂದಲೇ ಎಲ್ಲ ಸಿಗುತ್ತದೆ ಎಂದು ನಾನು ಹೇಳುತ್ತಿಲ್ಲ. ಮಗುವನ್ನು ಕಳೆದುಕೊಂಡ ತಾಯಿಯ ಮುಂದೆ ವಾದ ಹೂಡುವುದರಲ್ಲಿ ಅರ್ಥವಿಲ್ಲ, ಪಕ್ಕದಲ್ಲಿ ಕೂರಬೇಕು. ದೇವರ ಮೇಲೆ ಭರವಸೆ ಇಡುವುದೂ ಲೆಕ್ಕ ಬಿಡಿಸಿದಂತಲ್ಲ. ಆದರೆ ಯಾರ ಮೇಲೆ ಭರವಸೆ ಇಡುತ್ತಿದ್ದೇನೆ, ಯಾಕೆ ಇಡುತ್ತಿದ್ದೇನೆ ಎಂದು ಕೇಳಿಕೊಳ್ಳುವುದು ಅಪನಂಬಿಕೆಯಲ್ಲ. ದೇವರನ್ನು ಪೂರ್ಣ ಬುದ್ಧಿಯಿಂದಲೂ ಪ್ರೀತಿಸಬೇಕು ಎಂದವನು ಯೇಸುವೇ.

ಸಭೆ ನಡೆಸುವವರಲ್ಲಿ ನನ್ನದೊಂದು ಬೇಡಿಕೆ. ಪ್ರಸಂಗ ಮುಗಿದ ಮೇಲೆ ಪ್ರಶ್ನೆಗಳಿಗೆ ಸ್ವಲ್ಪ ಹೊತ್ತು ಇಡಿ. ಹದಿಹರೆಯದವರಿಗೆ ಮೊದಲು ಅವಕಾಶ ಕೊಡಿ. ಸತ್ಯವೇದ ನಿಜ ಎಂದು ಹೇಗೆ ಗೊತ್ತು ಎಂದು ಅವರು ಕೇಳಿದರೆ, ಸತ್ಯವೇದವೇ ಹಾಗೆ ಹೇಳುತ್ತದೆ ಎಂದು ಉತ್ತರಿಸಬೇಡಿ. ಅವರು ಕೇಳಿದ್ದೇ ಅದನ್ನಲ್ಲವೇ? ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ, ಓದಿಕೊಂಡು ಬಂದು ಮುಂದಿನ ವಾರ ಹೇಳಿ.

ಇಂತಿ,
ನಿಮ್ಮ ಓದುಗ