ಬೆಟ್ಟದ ಕೋಟೆಗಳಿಗೆ ಬಣ್ಣದ ದೀಪ ಬೇಡ, ಕಥೆ ಹೇಳುವವರು ಬೇಕು

ಮಾನ್ಯ ಸಂಪಾದಕರೇ,

ಕೊಡಗು, ಮಲೆನಾಡಿನ ಪ್ರವಾಸ ಅಂದ ಕೂಡಲೇ ಜಲಪಾತ, ವ್ಯೂ ಪಾಯಿಂಟ್, ಹೋಂಸ್ಟೇ. ಅಲ್ಲಿಗೆ ಮಾತು ಮುಗಿಯುತ್ತದೆ. ಮಡಿಕೇರಿಯ ರಾಜಾಸೀಟಿನಲ್ಲಿ ಕಾಲಿಡಲು ಜಾಗ ಇಲ್ಲದ ದಿನವೂ ಅದೇ ಊರಿನ ಗದ್ದುಗೆಯಲ್ಲಿ, ಅಂದರೆ ಕೊಡಗಿನ ರಾಜರ ಸಮಾಧಿಗಳಿರುವ ಜಾಗದಲ್ಲಿ, ನೆಮ್ಮದಿಯಾಗಿ ಸುತ್ತಾಡಬಹುದು. ಜನರಿಗೆ ಇತಿಹಾಸದ ಮೇಲೆ ಆಸಕ್ತಿ ಇಲ್ಲ ಅಂತ ಬೈಯೋದು ಸುಲಭ. ಆದರೆ ಹುಡುಕಿಕೊಂಡು ಬಂದವರಿಗೆ ಇಂಥ ಕಡೆ ಹೇಳುವವರು ಯಾರಿದ್ದಾರೆ?

ಮಂಜರಾಬಾದ್ ಕೋಟೆಯನ್ನೇ ತಗೊಳ್ಳಿ. ಸಕಲೇಶಪುರ ದಾಟಿದ ಮೇಲೆ ಹೆದ್ದಾರಿ ಪಕ್ಕದ ಗುಡ್ಡದ ಮೇಲಿದೆ, 1792ರಲ್ಲಿ ಟಿಪ್ಪು ಕಟ್ಟಿಸಿದ್ದು. ಎಂಟು ಮೂಲೆಯ ನಕ್ಷತ್ರದ ಆಕಾರ. ಡ್ರೋನ್ ಫೋಟೊ ನೋಡಿ ಆಸೆಪಟ್ಟು ಹೋದವರಿಗೆ ಮೆಟ್ಟಿಲು ಹತ್ತಿ ಒಳಗೆ ನಿಂತಾಗ ಕಾಣೋದು ಬರೀ ಗೋಡೆ ಮತ್ತು ಹುಲ್ಲು. ನಕ್ಷತ್ರ ಎಲ್ಲಿ ಅಂತ ಮಕ್ಕಳು ಕೇಳಿದರೆ ಏನು ಹೇಳೋದು? ಅದು ಮೇಲಿನಿಂದ ಮಾತ್ರ ಪೂರ್ತಿ ಕಾಣುವ ಆಕಾರ. ಚಂದಕ್ಕೆ ಅಂತ ಹಾಗೆ ಕಟ್ಟಿದ್ದೂ ಅಲ್ಲ. ನೇರ ಗೋಡೆಯ ಬುಡಕ್ಕೆ ಶತ್ರು ಬಂದು ಅಂಟಿಕೊಂಡರೆ ಮೇಲಿನಿಂದ ಗುಂಡು ಹೊಡೆಯೋದು ಕಷ್ಟ, ಅದೇ ಮೂಲೆಗಳು ಚಾಚಿಕೊಂಡಿದ್ದರೆ ಒಂದು ಮೂಲೆಯ ಬುಡವನ್ನು ಪಕ್ಕದ ಮೂಲೆಯಲ್ಲಿ ನಿಂತವರು ಕಾಯಬಹುದು. ಫಿರಂಗಿಗಳ ಕಾಲಕ್ಕೆ ಯುರೋಪಿನವರು ಕಂಡುಕೊಂಡ ಉಪಾಯ ಇದು, ಕರಾವಳಿಯಿಂದ ಘಟ್ಟ ಹತ್ತಿ ಬರುವ ದಾರಿಯನ್ನು ಕಾಯಲು ಟಿಪ್ಪು ಇಲ್ಲಿಗೆ ತಂದ. ಈ ನಾಲ್ಕು ಮಾತು ಗೊತ್ತಿದ್ದರೆ ಅದೇ ಗೋಡೆ ಬೇರೆ ಥರ ಕಾಣುತ್ತದೆ, ಅಲ್ವಾ?

ಕಕ್ಕಬ್ಬೆ ಹತ್ತಿರದ ನಾಲ್ಕುನಾಡು ಅರಮನೆ ಇನ್ನೊಂದು. ತಡಿಯಂಡಮೋಳ್ ಚಾರಣಕ್ಕೆ ಹೋಗುವವರು ಅದರ ಪಕ್ಕದಲ್ಲೇ ಹಾದು ಹೋಗುತ್ತಾರೆ, ಎಷ್ಟೋ ಜನ ಒಳಗೆ ಇಣುಕುವುದೂ ಇಲ್ಲ. ಅರಮನೆ ಅಂದರೆ ಮೈಸೂರು ನೆನಪಾಗುವವರಿಗೆ ಇದು ಹೆಂಚಿನ ದೊಡ್ಡ ಮನೆ, ಅಷ್ಟೇ. ಆದರೆ ರಾಜನೊಬ್ಬ ಇಷ್ಟು ಒಳಗೆ, ಕಾಡಿನಂಚಿಗೆ ಬಂದು ಯಾಕೆ ಕಟ್ಟಿದ? ಕಟ್ಟಿಸಿದ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ ಟಿಪ್ಪುವಿನ ಸೆರೆಯಲ್ಲಿದ್ದು 1788ರಲ್ಲಿ ಪಿರಿಯಾಪಟ್ಟಣದಿಂದ ತಪ್ಪಿಸಿಕೊಂಡು ಬಂದವನು. ಬೆಟ್ಟದ ಬುಡ ಅವನಿಗೆ ಸುರಕ್ಷಿತ ಅನಿಸಿದ್ದರಲ್ಲಿ ಆಶ್ಚರ್ಯ ಇಲ್ಲ. ಕೊನೆಯ ರಾಜ ಚಿಕ್ಕ ವೀರರಾಜೇಂದ್ರ 1834ರಲ್ಲಿ ಬ್ರಿಟಿಷರಿಗೆ ಶರಣಾಗುವ ಮೊದಲು ಇದ್ದದ್ದೂ ಇಲ್ಲೇ. ಒಂದು ರಾಜ್ಯದ ಕಥೆ ಮುಗಿದ ಜಾಗ ಸ್ವಾಮಿ ಇದು, ಟ್ರೆಕ್ಕಿಂಗ್‌ಗೆ ಹೋಗುವವರ ಪಾರ್ಕಿಂಗ್ ಜಾಗ ಅಲ್ಲ.

ಈ ಭಾಗದ ಸಣ್ಣ ಮ್ಯೂಸಿಯಂಗಳ ವಿಷಯಕ್ಕೆ ಬರೋಣ. ಒಂದು ಕಡೆ, ಹೆಸರು ಬೇಡ, ವೀರಗಲ್ಲಿನ ಮುಂದೆ ಇದ್ದ ಚೀಟಿಯಲ್ಲಿ ‘ವೀರಗಲ್ಲು’ ಅಂತ ಮಾತ್ರ ಬರೆದಿತ್ತು. ಅದು ಕಣ್ಣಿಗೇ ಕಾಣುತ್ತದಲ್ಲ! ಯಾವ ಊರಿನದು, ಯಾವ ಕಾಲದ್ದು, ಸತ್ತವನು ಯಾವ ಜಗಳದಲ್ಲಿ ಸತ್ತ ಅಂತ ತಾನೇ ಕೇಳೋದು. ಕೆಳಗಿನ ಪಟ್ಟಿಯಲ್ಲಿ ಕಾಳಗ, ಮಧ್ಯದಲ್ಲಿ ಅಪ್ಸರೆಯರು ಕರೆದೊಯ್ಯೋದು, ಮೇಲೆ ಶಿವಲಿಂಗ. ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ನೋಡುತ್ತಾ ಹೋಗಬೇಕು ಅಂತ ಹೇಳಿಕೊಟ್ಟರೆ ಐದನೇ ಕ್ಲಾಸಿನ ಹುಡುಗರೂ ಮುಂದಿನ ಕಲ್ಲನ್ನು ತಾವೇ ಓದುತ್ತಾರೆ. ಅಲ್ಲಿದ್ದ ಸಿಬ್ಬಂದಿಯನ್ನು ಕೇಳಿದಾಗ ಪಾಪ, ‘ನಮಗೆ ಬೀಗ ತೆಗೆಯೋದು, ಹಾಕೋದು ಅಷ್ಟೇ ಸಾರ್’ ಅಂದರು. ಅವರ ತಪ್ಪಲ್ಲ, ಅವರಿಗೆ ಯಾರೂ ಹೇಳಿಕೊಟ್ಟಿಲ್ಲ.

ಚೆನ್ನಾಗಿ ಮಾಡಲು ಬರಲ್ಲ ಅಂತೇನಿಲ್ಲ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯ ಹುಟ್ಟಿದ ‘ಸನ್ನಿಸೈಡ್’ ಮನೆ ಒಂದು ಕಾಲಕ್ಕೆ ಆರ್‌ಟಿಒ ಕಚೇರಿಯಾಗಿತ್ತು, 2021ರಲ್ಲಿ ಮ್ಯೂಸಿಯಂ ಆಗಿ ತೆರೆಯಿತು. ಅಂಗಳದಲ್ಲಿ ಯುದ್ಧ ಟ್ಯಾಂಕ್, ವಿಮಾನ, ಒಳಗೆ ಅವರ ಬದುಕಿನ ಕಥೆ. ಈ ಮನೆಯಲ್ಲಿ ಹುಟ್ಟಿದ ಹುಡುಗ ಕೊರಿಯಾ ಯುದ್ಧ ಕೈದಿಗಳ ವಿಷಯ ನೋಡಿಕೊಂಡು, ಆಮೇಲೆ ಸೇನಾ ಮುಖ್ಯಸ್ಥನಾಗಿ, ಕೊನೆಗೆ 1965ರಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಯ ಹೊಣೆ ಹೊತ್ತಿದ್ದಾಗಲೇ ತೀರಿಕೊಂಡ ಅಂತ ತಿಳಿದ ಮೇಲೆ ಆ ಕೋಣೆಗಳಲ್ಲಿ ಓಡಾಡೋದೇ ಬೇರೆ.

ಅಭಿವೃದ್ಧಿ ಅಂದರೆ ಬಣ್ಣದ ದೀಪ, ಸಿಮೆಂಟ್ ಬೆಂಚು, ‘ಐ ಲವ್’ ಅನ್ನೋ ದೊಡ್ಡ ಅಕ್ಷರಗಳು ಅನ್ನುವ ಹುಚ್ಚು ಮೊದಲು ಬಿಡಬೇಕು. ಘಟ್ಟದ ಮಳೆಗೆ ಹೆಂಚು ಜಾರುತ್ತದೆ, ಮರ ಲಡ್ಡಾಗುತ್ತದೆ, ಗೋಡೆಯ ಚಿತ್ರಗಳಿಗೆ ಬೂಷ್ಟು ಹಿಡಿಯುತ್ತದೆ. ದುಡ್ಡು ಮೊದಲು ಚಾವಣಿಗೆ ಹೋಗಲಿ, ಆಮೇಲೆ ಕನ್ನಡದಲ್ಲಿ ಒಂದು ಒಳ್ಳೆಯ ಫಲಕಕ್ಕೆ ಮತ್ತು ಕೋಟೆ ಬಾಗಿಲಲ್ಲಿ ಒಂದು ನಕ್ಷೆಗೆ. ರಜೆ ಯಾವತ್ತು, ಎಷ್ಟು ಗಂಟೆಗೆ ಮುಚ್ಚುತ್ತಾರೆ ಅನ್ನೋದು ಗೇಟಿನ ಮೇಲಲ್ಲ, ಊರಿನ ಬಸ್‌ಸ್ಟ್ಯಾಂಡಿನಲ್ಲಿ ಕಾಣಬೇಕು. ಸೋಮವಾರ ಬೆಟ್ಟ ಹತ್ತಿ ಹೋಗಿ ಬೀಗ ನೋಡಿ ವಾಪಸ್ ಬಂದವರು ಬಹಳ ಜನ ಇದ್ದಾರೆ.

ಸಂಬಂಧಪಟ್ಟವರಲ್ಲಿ ನನ್ನ ಮುಖ್ಯ ಬೇಡಿಕೆ ಒಂದೇ. ಅಕ್ಕಪಕ್ಕದ ಕಾಲೇಜುಗಳಲ್ಲಿ ಇತಿಹಾಸ ಓದುತ್ತಿರುವ ಹುಡುಗ ಹುಡುಗಿಯರಿಗೆ ಒಂದಿಷ್ಟು ತರಬೇತಿ ಕೊಟ್ಟು, ಶನಿವಾರ ಭಾನುವಾರ ಇಂಥ ಕಡೆ ಮಾರ್ಗದರ್ಶಕರಾಗಿ ನಿಲ್ಲಿಸಿ. ಸುಮ್ನೆ ಸೇವೆ ಅಂತ ಮಾಡಿಸಬೇಡಿ, ದಿನಕ್ಕಿಷ್ಟು ಅಂತ ಸಂಬಳ ಕೊಡಿ. ಟಿಕೆಟ್ ಸ್ವಲ್ಪ ಜಾಸ್ತಿ ಮಾಡಿದರೂ ಪರವಾಗಿಲ್ಲ, ಕೊಡುತ್ತೇವೆ.

ಇಂತಿ,
ನಿಮ್ಮ ಓದುಗ