ಉಚಿತ ವಾಹಿನಿಗಳ ಫ್ರೀಕ್ವೆನ್ಸಿಗೂ ಪತ್ರಿಕೆಯಲ್ಲಿ ಜಾಗವಿರಲಿ

ಮಾನ್ಯ ಸಂಪಾದಕರೇ,

ಯಾವ ವಾಹಿನಿಯಲ್ಲಿ ಎಷ್ಟು ಗಂಟೆಗೆ ಯಾವ ಸಿನಿಮಾ ಎಂಬ ಪಟ್ಟಿ ತಮ್ಮ ಪತ್ರಿಕೆಯಲ್ಲಿ ಬರುತ್ತದೆ. ಆ ವಾಹಿನಿ ಆಕಾಶದ ಯಾವ ಮೂಲೆಯಿಂದ, ಯಾವ ಫ್ರೀಕ್ವೆನ್ಸಿಯಲ್ಲಿ ಇಳಿದು ಬರುತ್ತದೆ ಎಂಬುದು ಮಾತ್ರ ಎಂದೂ ಅಚ್ಚಾಗುವುದಿಲ್ಲ. ತಿಂಗಳ ಚಂದಾ ಕಟ್ಟಿ ನೋಡುವವರಿಗೆ ಅದು ಬೇಕಾಗಿಲ್ಲ, ಅವರ ಪರವಾಗಿ ಕಂಪನಿಯೇ ಎಲ್ಲವನ್ನೂ ಹೊಂದಿಸಿಕೊಡುತ್ತದೆ. ತಾರಸಿಯಲ್ಲಿ ಸ್ವಂತ ಡಿಶ್ ಇಟ್ಟುಕೊಂಡು, ಬೀಗವಿಲ್ಲದೆ ಬರುವ ಉಚಿತ ವಾಹಿನಿಗಳನ್ನಷ್ಟೇ ನೋಡುವ ನಮ್ಮಂಥವರಿಗೆ ಅದು ಬೇಕೇ ಬೇಕು. ಏಕೆ ಎಂಬುದನ್ನು ನಮ್ಮ ಮನೆಯಲ್ಲಿ ನಡೆದದ್ದನ್ನೇ ಇಟ್ಟುಕೊಂಡು ಹೇಳುತ್ತೇನೆ.

ನನ್ನ ತಾಯಿಗೆ 84 ವರ್ಷ. ಮಂಡಿನೋವಿನಿಂದ ಹೊರಗೆ ಓಡಾಡುವುದು ನಿಂತು ಹಲವು ವರ್ಷಗಳಾದವು. ಬೆಳಗಿನ ವಾರ್ತೆ ಕೇಳಿದ ಮೇಲೆಯೇ ಅವರ ದಿನ ಶುರುವಾಗುವುದು. ಒಂದು ಬೆಳಿಗ್ಗೆ ಆ ವಾಹಿನಿಯ ಜಾಗದಲ್ಲಿ ‘ಸಿಗ್ನಲ್ ಇಲ್ಲ’ ಎಂಬ ನೀಲಿ ಪರದೆ ಬಂದಿತ್ತು. ಅದರ ಜೊತೆಗೆ ಇನ್ನೂ ಮೂರು ವಾಹಿನಿಗಳು ಇರಲಿಲ್ಲ. ಉಳಿದವೆಲ್ಲ ಸ್ವಚ್ಛವಾಗಿ ಬರುತ್ತಿದ್ದವು. ಹಿಂದಿನ ರಾತ್ರಿ ಗಾಳಿ ಜೋರಾಗಿ ಬೀಸಿದ್ದರಿಂದ ಡಿಶ್ ತಿರುಗಿರಬೇಕೆಂದು ನಾನು ತೀರ್ಮಾನಿಸಿದೆ. ಸ್ಪ್ಯಾನರ್ ಹಿಡಿದು ತಾರಸಿ ಹತ್ತಿ ಬೋಲ್ಟ್ ಸಡಿಲಿಸಿದೆ. ಐದೇ ನಿಮಿಷದಲ್ಲಿ ಇದ್ದಬದ್ದ ವಾಹಿನಿಗಳೂ ಹೋದವು.

ಮೂವತ್ತು ವರ್ಷ ಮಕ್ಕಳಿಗೆ ಗಣಿತ ಕಲಿಸಿದವಳು ನಾನು. ಡಿಶ್ಶಿನ ಬಟ್ಟಲಿನ ಆಕಾರವಾದ ಪರವಲಯದ ಪಾಠವನ್ನು ಎಷ್ಟು ಸಲ ಮಾಡಿದ್ದೇನೋ ಲೆಕ್ಕವಿಲ್ಲ: ಅಕ್ಷಕ್ಕೆ ಸಮಾಂತರವಾಗಿ ಬಂದ ಕಿರಣಗಳೆಲ್ಲ ಪ್ರತಿಫಲಿಸಿ ನಾಭಿಯಲ್ಲಿ ಸೇರುತ್ತವೆ. ಆ ನಾಭಿಯಲ್ಲಿ ಕುಳಿತಿರುವುದೇ ಸಂಕೇತ ಹಿಡಿಯುವ ಚಿಕ್ಕ ಸಾಧನವಾದ ಎಲ್‌ಎನ್‌ಬಿ. ಪಾಠ ಗೊತ್ತಿದ್ದರೂ ಅದರ ಕಟ್ಟುನಿಟ್ಟು ಎಷ್ಟೆಂಬುದು ಅಂದು ಕೈಗೆ ತಿಳಿಯಿತು. 60 ಸೆಂಟಿಮೀಟರ್ ಅಗಲದ ಡಿಶ್ ಆಕಾಶದಲ್ಲಿ ನೋಡುವುದು ಸುಮಾರು ಮೂರು ಡಿಗ್ರಿಯಷ್ಟು ಜಾಗವನ್ನು ಮಾತ್ರ. ಅದರ ಅಂಚು ಅರ್ಧ ಸೆಂಟಿಮೀಟರ್ ಸರಿದರೆ ನೋಟ ಒಂದು ಡಿಗ್ರಿ ಸರಿಯುತ್ತದೆ. ಉಪಗ್ರಹವಿರುವುದು ಸಮಭಾಜಕ ವೃತ್ತದ ನೇರಕ್ಕೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಅಷ್ಟು ದೂರದಲ್ಲಿ ಒಂದು ಡಿಗ್ರಿಯೆಂದರೆ 600 ಕಿಲೋಮೀಟರಿಗೂ ಹೆಚ್ಚು. ನಾನು ಅಂದಾಜಿನ ಮೇಲೆ ಅಂಗೈಯಗಲ ತಳ್ಳಿದ್ದೆ.

ಆಮೇಲೆ ಶುರುವಾಯಿತು ಹುಡುಕಾಟ. ಕೆಳಗೆ ಟಿ.ವಿ. ಮುಂದೆ ಅಮ್ಮ, ಮೇಲೆ ಡಿಶ್ ಹಿಡಿದು ನಾನು, ನಡುವೆ ತೆರೆದ ಕಿಟಕಿ. ಪರದೆಯ ಮೇಲೆ ಎರಡು ಪಟ್ಟಿಗಳಿರುತ್ತವೆ, ಸ್ಟ್ರೆಂತ್ ಮತ್ತು ಕ್ವಾಲಿಟಿ. “ಮೇಲಿನ ಪಟ್ಟಿ ಮುಕ್ಕಾಲು ತುಂಬಿದೆಯಲ್ಲೇ, ಸಾಕು ಬಿಡು” ಎಂದು ಅಮ್ಮ ಮತ್ತೆ ಮತ್ತೆ ಕೂಗುತ್ತಿದ್ದರು. ಆ ಮೇಲಿನ ಪಟ್ಟಿ ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ಡಿಶ್ ಗೋಡೆಯ ಕಡೆಗಿದ್ದರೂ ಅದು ತುಂಬಿರಬಹುದು, ಏಕೆಂದರೆ ಎಲ್‌ಎನ್‌ಬಿಯ ಸ್ವಂತ ಗದ್ದಲವೂ ಅದರಲ್ಲಿ ಸೇರಿರುತ್ತದೆ. ನಂಬಬೇಕಾದದ್ದು ಕೆಳಗಿನ ಕ್ವಾಲಿಟಿ ಪಟ್ಟಿಯನ್ನು. ರಿಸೀವರ್‌ಗೆ ಕೊಟ್ಟ ಫ್ರೀಕ್ವೆನ್ಸಿಯಲ್ಲಿ ಅದಕ್ಕೆ ಅರ್ಥವಾಗುವ ಸಂಕೇತ ಸಿಕ್ಕಾಗ ಮಾತ್ರ ಅದು ಮೇಲೇಳುತ್ತದೆ. ನಾನು ಕೂದಲೆಳೆಯಷ್ಟು ತಿರುಗಿಸುವುದು, ಮನಸ್ಸಿನಲ್ಲೇ ಐದು ಎಣಿಸುವುದು, ಅಮ್ಮ ಕೂಗುವುದು. “ಸೊನ್ನೆ. ಸೊನ್ನೆ. ಸೊನ್ನೆ. ಹದಿನೆಂಟು! ಹದಿನೆಂಟೇ. ಹೋಯಿತು.” ಐದು ಎಣಿಸುವುದನ್ನು ಮರೆತರೆ ಕೆಲಸ ಕೆಟ್ಟಿತೆಂದೇ ಲೆಕ್ಕ, ರಿಸೀವರ್ ಸಂಕೇತವನ್ನು ಗುರುತಿಸುವಷ್ಟರಲ್ಲಿ ಡಿಶ್ ಮುಂದೆ ಹೋಗಿರುತ್ತದೆ. ಮರುದಿನ ಸಂಜೆ ಬೆಳಕು ಇಳಿಯುವ ಹೊತ್ತಿಗೆ ಅಮ್ಮ “ಎಪ್ಪತ್ತೊಂದು, ಮುಟ್ಟಬೇಡ” ಎಂದರು. ಅಲ್ಲಿಗೇ ಬೋಲ್ಟ್ ಬಿಗಿದೆ.

ಕೆಳಗಿಳಿದು ಬಂದು ನೋಡಿದರೆ ಹಳೆಯ ವಾಹಿನಿಗಳೆಲ್ಲ ಮರಳಿದ್ದವು, ಮೊದಲು ಹೋಗಿದ್ದ ಆ ನಾಲ್ಕನ್ನು ಬಿಟ್ಟು.

ಕಾರಣವನ್ನು ಫೋನಿನಲ್ಲಿ ಹೇಳಿದವನು ಟಿ.ವಿ. ರಿಪೇರಿ ಮಾಡುವ ನನ್ನ ಹಳೆಯ ವಿದ್ಯಾರ್ಥಿ. ಆ ನಾಲ್ಕೂ ವಾಹಿನಿಗಳು ಅದೇ ಉಪಗ್ರಹದಲ್ಲಿ, ಸಂಕೇತವನ್ನು ಭೂಮಿಗೆ ಮರಳಿ ಕಳಿಸುವ ಒಂದು ಟ್ರಾನ್ಸ್‌ಪಾಂಡರಿನಿಂದ ಇನ್ನೊಂದಕ್ಕೆ ಸ್ಥಳ ಬದಲಿಸಿದ್ದವು. ಹೊಸ ಫ್ರೀಕ್ವೆನ್ಸಿ, ಹೊಸ ಸಿಂಬಲ್ ರೇಟ್ (ಸಂಕೇತ ಬರುವ ವೇಗ), ತರಂಗ ಕಂಪಿಸುವ ದಿಕ್ಕು ಹಾರಿಜಾಂಟಲ್ ಬದಲು ವರ್ಟಿಕಲ್. ರಿಮೋಟಿನಿಂದ ಮೂರನ್ನೂ ತುಂಬಿ ಹುಡುಕಲು ಬಿಟ್ಟೆ. ಎರಡು ನಿಮಿಷವೂ ಆಗಲಿಲ್ಲ, ನಾಲ್ಕೂ ಬಂದವು. ಡಿಶ್ ಮುಟ್ಟುವ ಅಗತ್ಯವೇ ಇರಲಿಲ್ಲ. ಕೆಲವು ವಾಹಿನಿಗಳು ಮಾತ್ರ ಹೋಗಿ ಉಳಿದವು ಗಟ್ಟಿಯಾಗಿ ನಿಂತಿದ್ದರೆ ಸಾಮಾನ್ಯವಾಗಿ ಡಿಶ್ ಸರಿಯಾಗಿಯೇ ಇದೆ ಎಂದರ್ಥ. ಈ ಒಂದು ಮಾತು ಮೊದಲೇ ತಿಳಿದಿದ್ದರೆ ಎರಡು ದಿನ ಉಳಿಯುತ್ತಿತ್ತು.

ವಾಹಿನಿಯವರು ಮುನ್ಸೂಚನೆ ಕೊಟ್ಟಿರಲಿಲ್ಲವೆಂದಲ್ಲ. ಪರದೆಯ ಅಡಿಯಲ್ಲಿ ಹತ್ತು ದಿನ ಒಂದು ಸಾಲು ಓಡುತ್ತಿತ್ತಂತೆ. ಅದು ಇಂಗ್ಲಿಷಿನಲ್ಲಿತ್ತು, ಅಕ್ಷರ ಸಣ್ಣದಾಗಿತ್ತು, ಓದಿ ಮುಗಿಸುವ ಮೊದಲೇ ಓಡಿಹೋಗುತ್ತಿತ್ತು. ಅಮ್ಮನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. “ಏನೋ ಜಾಹೀರಾತು ಅಂದುಕೊಂಡೆ” ಎಂದರು. ಆ ವಾಹಿನಿಯನ್ನು ಹೆಚ್ಚು ನೆಚ್ಚಿಕೊಂಡವರು ವಯಸ್ಸಾದವರು, ಕಣ್ಣು ಮಂಜಾದವರು, ಒಂದೇ ಭಾಷೆ ಬಲ್ಲವರು. ಅವರಿಗೆ ತಲುಪದ ಸೂಚನೆಯನ್ನು ಸೂಚನೆ ಎನ್ನಲು ನನಗೆ ಮನಸ್ಸು ಬಾರದು. ಹಳೆಯ ಫ್ರೀಕ್ವೆನ್ಸಿ ನಿಂತ ಮೇಲಂತೂ ಆ ಸಾಲು ಕೂಡ ನೋಡಲು ಸಿಗುವುದಿಲ್ಲ.

ಇಂಥ ಬದಲಾವಣೆಗಳು ಅಪರೂಪವಲ್ಲ. ಉಪಗ್ರಹಕ್ಕೂ ಆಯಸ್ಸಿದೆ. ತನ್ನ ಜಾಗದಲ್ಲಿ ನೆಲೆಯಾಗಿ ನಿಲ್ಲಲು ಅದಕ್ಕೆ ಇಂಧನ ಬೇಕು, ಸುಮಾರು 15 ವರ್ಷಗಳಲ್ಲಿ ಅದು ಮುಗಿಯುತ್ತಾ ಬರುತ್ತದೆ, ಆಗ ವಾಹಿನಿಗಳು ಬೇರೆ ಉಪಗ್ರಹಕ್ಕೆ ಹೋಗಬೇಕು. ಪ್ರಸಾರದ ವಿಧಾನವೂ ಬದಲಾಗುತ್ತದೆ. ಡಿವಿಬಿ-ಎಸ್ ವಿಧಾನದಿಂದ ಡಿವಿಬಿ-ಎಸ್2 ವಿಧಾನಕ್ಕೆ ಹೋದ ವಾಹಿನಿಯನ್ನು ಹಳೆಯ ರಿಸೀವರ್ ಗುರುತಿಸಲಾರದು, ಅಲ್ಲಿ ಡಿಶ್ ಎಷ್ಟು ತಿರುಗಿಸಿದರೂ ಉಪಯೋಗವಿಲ್ಲ. ಇದನ್ನು ತಿಳಿಯದೆ ಜನ ಚೆನ್ನಾಗಿರುವ ಡಿಶ್ಶನ್ನು ಗುಜರಿಗೆ ಹಾಕುತ್ತಾರೆ. ಹಾಗೆ ಹಾಕುವುದನ್ನು ಕಂಡಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಈ ಉಚಿತ ಪ್ರಸಾರದ ಮೇಲೆ ನನಗೇಕೆ ಇಷ್ಟು ಮಮತೆ ಎಂಬುದಕ್ಕೆ ಒಂದು ಹಳೆಯ ಸಂಗತಿ ಹೇಳಬೇಕು. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಭಾರತದ 2,400 ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮಗಳು ಪ್ರಸಾರವಾದವು. ಸೈಟ್ ಎಂದು ಹೆಸರಾದ ಆ ಪ್ರಯೋಗದಲ್ಲಿ ಕನ್ನಡದ ಕಾರ್ಯಕ್ರಮಗಳೂ ಇದ್ದವು. ಹಳ್ಳಿಗಳಲ್ಲಿ ತಂತಿಬಲೆಯ ದೊಡ್ಡ ಡಿಶ್‌ಗಳನ್ನು ನೆಟ್ಟಿದ್ದರು. ಅದೇ ಕಾಲದಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಸ್ಟೀವ್ ಬರ್ಕಿಲ್ ಎಂಬ ಎಂಜಿನಿಯರ್ ತಾವೇ ಕಟ್ಟಿಕೊಂಡ ಸಲಕರಣೆಯಿಂದ ಆ ಪ್ರಸಾರವನ್ನು ಮನೆಯಲ್ಲೇ ಹಿಡಿದರು. ನಮ್ಮ ಹಳ್ಳಿಗಳಿಗೆಂದು ಕಳಿಸಿದ ಚಿತ್ರ ಸಾವಿರಾರು ಮೈಲಿ ಆಚೆಯ ಒಂದು ಮನೆಯಲ್ಲಿ ಮೂಡಿತು. ಯಾರೂ ಅವರಿಗೆ ತಂತಿ ಎಳೆದು ಕೊಟ್ಟಿರಲಿಲ್ಲ. ಉಪಗ್ರಹ ಎಲ್ಲಿದೆ, ಯಾವ ಫ್ರೀಕ್ವೆನ್ಸಿಯಲ್ಲಿ ಬಿತ್ತರಿಸುತ್ತಿದೆ ಎಂದು ಬಲ್ಲವರ ಮನೆಗೆ ಅದು ತಾನಾಗಿ ಬಂದಿತು. ಇಂದೂ ಅಷ್ಟೇ. ಸಂಕೇತ ನಮ್ಮೆಲ್ಲರ ತಾರಸಿಯ ಮೇಲೆ ಈ ಕ್ಷಣ ಬೀಳುತ್ತಲೇ ಇದೆ, ಇಲ್ಲದಿರುವುದು ವಿಳಾಸ ಮಾತ್ರ.

ಆದ್ದರಿಂದ ನನ್ನ ಕೋರಿಕೆ ಇದು. ಟಿ.ವಿ. ಕಾರ್ಯಕ್ರಮಗಳ ಪಟ್ಟಿಯ ಪಕ್ಕದಲ್ಲಿ ತಿಂಗಳಿಗೊಮ್ಮೆ ಒಂದು ಚಿಕ್ಕ ಚೌಕ ಕೊಡಿ. ಬದಲಾದ ಉಚಿತ ವಾಹಿನಿಗಳ ಹೆಸರು, ಉಪಗ್ರಹವಿರುವ ರೇಖಾಂಶದ ಡಿಗ್ರಿ, ಫ್ರೀಕ್ವೆನ್ಸಿ, ವರ್ಟಿಕಲ್ಲೋ ಹಾರಿಜಾಂಟಲ್ಲೋ ಎಂಬುದು, ಸಿಂಬಲ್ ರೇಟ್. ಹೊಸ ಬಗೆಯ ರಿಸೀವರ್ ಬೇಕಾಗುವುದಾದರೆ ಅದನ್ನೂ ತಿಳಿಸಿ. ಬದಲಾವಣೆಗೆ ಮುಂಚೆಯೇ ಬಂದರೆ ಇನ್ನೂ ಒಳ್ಳೆಯದು.

ವರ್ಷಕ್ಕೆರಡು ಸಲ ಅದೇ ಚೌಕದಲ್ಲಿ ಸೂರ್ಯನ ಅಡ್ಡಿಯ ದಿನಗಳನ್ನೂ ಹಾಕಬಹುದು. ಹಗಲು ರಾತ್ರಿ ಸಮವಾಗುವ ಕಾಲದ ಆಸುಪಾಸಿನಲ್ಲಿ ಸೂರ್ಯ ಉಪಗ್ರಹದ ಹಿಂದೆ ಸರಿಯಾಗಿ ಬಂದು ನಿಲ್ಲುತ್ತಾನೆ, ಅವನ ರೇಡಿಯೋ ಗದ್ದಲದಲ್ಲಿ ಸಂಕೇತ ಮುಳುಗಿಹೋಗುತ್ತದೆ. ಕೆಲವು ದಿನ, ದಿನವೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ, ಕೆಲವೇ ನಿಮಿಷ. ಆಗಲೂ ಜನ ಸ್ಪ್ಯಾನರ್ ಹಿಡಿಯುತ್ತಾರೆ! ಸುಮ್ಮನಿದ್ದರೆ ತಾನಾಗಿ ಸರಿಹೋಗುತ್ತದೆ. ಬೇಕಿದ್ದರೆ ಆ ನಿಮಿಷಗಳಲ್ಲಿ ತಾರಸಿಗೆ ಹೋಗಿ ನೋಡಲಿ. ಎಲ್‌ಎನ್‌ಬಿ ನಟ್ಟನಡುವೆ ಇರುವ ದುಂಡನೆಯ ದೊಡ್ಡ ಡಿಶ್ ಆದರೆ, ಅದು ನೇರವಾಗಿದ್ದಲ್ಲಿ ಎಲ್‌ಎನ್‌ಬಿಯ ನೆರಳು ಬಟ್ಟಲಿನ ಮಧ್ಯಕ್ಕೇ ಬಿದ್ದಿರುತ್ತದೆ. ಯಾವ ಮೀಟರೂ ಇಲ್ಲದೆ ಡಿಶ್ ಪರೀಕ್ಷೆ ಮಾಡುವ ದಾರಿ ಅದು.

ಅಚ್ಚಿನ ವಿಷಯದಲ್ಲಿ ಎರಡು ಮಾತು. ಅಂಕಿಗಳು ದೊಡ್ಡದಾಗಿರಲಿ, ಹಿರಿಯರು ಕೈಯಲ್ಲಿ ಪತ್ರಿಕೆ ಹಿಡಿದು, ಕಣ್ಣೆತ್ತಿ ಪರದೆ ನೋಡಿ, ಮತ್ತೆ ಕೆಳಗೆ ನೋಡಿ ತುಂಬಬೇಕಾಗುತ್ತದೆ. ಅಂಕಿ ತಪ್ಪದಿರಲಿ. ಫ್ರೀಕ್ವೆನ್ಸಿಯಲ್ಲಿ ಒಂದೆರಡು ಮೆಗಾಹರ್ಟ್ಸ್ ಹೆಚ್ಚುಕಡಿಮೆಯಾದರೆ ರಿಸೀವರ್ ಸಾಮಾನ್ಯವಾಗಿ ಹೊಂದಿಸಿಕೊಳ್ಳುತ್ತದೆ, ಸಿಂಬಲ್ ರೇಟ್ ತಪ್ಪಿದರೆ ಏನೂ ಸಿಗುವುದಿಲ್ಲ. ಅಚ್ಚಿಗೆ ಹೋಗುವ ಮೊದಲು ಯಾರಾದರೂ ಒಂದು ನಿಜವಾದ ರಿಸೀವರ್‌ನಲ್ಲಿ ತುಂಬಿ ನೋಡಬೇಕು. ಆ ಕೆಲಸಕ್ಕೆ ಜನ ಬೇಕಾದರೆ ನಾನು ಸಿದ್ಧಳಿದ್ದೇನೆ. ನಮ್ಮ ಡಿಶ್ ಈಗ ಎಪ್ಪತ್ತೊಂದರಲ್ಲಿ ನಿಂತಿದೆ.

ಇತಿ,
ನಿವೃತ್ತ ಗಣಿತ ಶಿಕ್ಷಕಿ