ಪವರ್ ಏರಿಸುವ ಮುನ್ನ

ಚಿ. ಸುಹಾಸನಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಅಡಿಕೆ ತೋಟಗಳಲ್ಲಿ ನೀನು ನೆಟ್ಟ ತೇವಾಂಶದ ಸೆನ್ಸರ್‌ಗಳ ಬ್ಯಾಟರಿ ಮಳೆಗಾಲ ಮುಗಿಯುವುದರೊಳಗೇ ಬರಿದಾಯಿತೆಂದೂ, ಸಂದೇಶಗಳು ತಪ್ಪಿಹೋಗುತ್ತಿರುವುದರಿಂದ ಪ್ರಸಾರದ ಪವರ್ ಇನ್ನೂ ಏರಿಸುವೆನೆಂದೂ ಬರೆದಿದ್ದೀಯೆ. ಮಗೂ, ಹಾಗೆ ಮಾಡಬೇಡ.

ನೀನು ಕಳಿಸಿದ ಲಾಗನ್ನು, ಅಂದರೆ ಬಂದ ಸಂದೇಶಗಳ ದಾಖಲೆಯನ್ನು, ಎರಡು ಸಂಜೆ ಕೂತು ಓದಿದೆ. ನಾಲ್ಕನೆಯ ನೋಡ್‌ನ, ಅಂದರೆ ಸೆನ್ಸರ್ ಹೊತ್ತ ಸಾಧನದ, ಫ್ರೇಮ್ ಕೌಂಟರ್ (ಸಂದೇಶಗಳ ಕ್ರಮಸಂಖ್ಯೆ) 411ರಿಂದ ನೇರ 414ಕ್ಕೆ ಹಾರಿದೆ. ನಡುವಿನ ಎರಡು ತಪ್ಪಿಹೋಗಿವೆ. ಆದರೆ ಬಂದು ತಲುಪಿದ 411, 414 ಎರಡರ ಸಿಗ್ನಲ್ ಗಟ್ಟಿಯಾಗಿಯೇ ಇದೆ. ಮೇಲಾಗಿ ಎಲ್ಲ ನೋಡ್‌ಗಳ ಸಂದೇಶಗಳೂ ಗಂಟೆ ತುಂಬಿದ ಕೂಡಲೇ ಬಂದಿವೆ. ಎಂದಮೇಲೆ ತೊಂದರೆ ದೂರದ್ದಲ್ಲ, ನೂಕುನುಗ್ಗಲಿನದು. ಈ ಭೇದ ನೋಡ್‌ಗೆ ತಿಳಿಯದು. ಉತ್ತರ ಬಾರದಿದ್ದರೆ ಗೇಟ್‌ವೇ (ಸಂದೇಶಗಳನ್ನು ಹಿಡಿದುಕೊಳ್ಳುವ ರೇಡಿಯೊ ಪೆಟ್ಟಿಗೆ) ದೂರವಿದೆಯೆಂದೇ ಬಗೆದು ಮೊದಲು ಪವರ್ ಏರಿಸುತ್ತದೆ, ಆಮೇಲೆ ನಿಧಾನಗತಿಗೆ ಇಳಿಯುತ್ತದೆ. ನಿನ್ನ ನೋಡ್‌ಗಳು ಬಳಸುವ ಲೋರಾವಾನ್ ಎಂಬ ರೇಡಿಯೊ ಪದ್ಧತಿಯಲ್ಲಿ ಈ ಗತಿಯನ್ನು ಸ್ಪ್ರೆಡಿಂಗ್ ಫ್ಯಾಕ್ಟರ್ ಎನ್ನುವ ಅಂಕಿ ಹೇಳುತ್ತದೆ; ಅಂಕಿ ಹೆಚ್ಚಿದಷ್ಟೂ ಗತಿ ನಿಧಾನ. ಹತ್ತು ಬೈಟ್ ಮಾಹಿತಿ ಕಳಿಸಲು 7ರಲ್ಲಿ ಸುಮಾರು 60 ಮಿಲಿಸೆಕೆಂಡ್ ಸಾಕು. 12ರಲ್ಲಿ ಹತ್ತಿರಹತ್ತಿರ ಒಂದೂವರೆ ಸೆಕೆಂಡ್ ಬೇಕು. ನಿನ್ನ ಬ್ಯಾಟರಿ ಸೋರಿಹೋದದ್ದು ಇಲ್ಲಿಯೇ. ಅಷ್ಟು ಹೊತ್ತು ಒಂದು ನೋಡ್ ಚಾನೆಲ್ ಹಿಡಿದುಕೊಂಡರೆ ಡಿಕ್ಕಿಗಳು ಹೆಚ್ಚಿ, ಪಕ್ಕದ ನೋಡ್ ಕೂಡ ಅದೇ ಹಾದಿ ಹಿಡಿಯುತ್ತದೆ.

ನಿನ್ನ ನೋಡ್‌ಗಳು ಬಳಸುವ 865ರಿಂದ 868 ಮೆಗಾಹರ್ಟ್ಸ್‌ವರೆಗಿನ ತರಂಗಾಂತರಕ್ಕೆ ನಮ್ಮಲ್ಲಿ ಲೈಸೆನ್ಸ್ ಬೇಕಿಲ್ಲ. ಹರಿಯುವ ನೀರಿಗೆ ದೊಣ್ಣೆನಾಯಕನ ಅಪ್ಪಣೆ ಏಕೆ ಎಂದು ನೀನು ಕೇಳಬಹುದು. ನಾಯಕನಿಲ್ಲದ ಕಡೆಯೇ ಹೆಚ್ಚು ಹಿಡಿತ ಬೇಕು ಎಂಬುದು ಟ್ರಾನ್ಸ್‌ಮಿಟರ್‌ಗಳ ಮುಂದೆ ಮೂವತ್ತು ವರ್ಷ ಕಳೆದ ನನ್ನ ಖಚಿತ ಅಭಿಪ್ರಾಯ. ಒಂದು ಜೂಲ್ ಶಕ್ತಿಗೆ ಎಷ್ಟು ಬಿಟ್ ಸರಿಯಾಗಿ ತಲುಪಿತು ಎಂಬುದನ್ನೇ ಅಳತೆಗೋಲಾಗಿ ಹಿಡಿದು ವೈರ್‌ಲೆಸ್ ಸಂಶೋಧಕರಾದ ಡೇವಿಡ್ ಗುಡ್‌ಮನ್ ಮತ್ತು ನಾರಾಯಣ ಮಂಡಯಂ 2000ದಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು: ಪ್ರತಿಯೊಬ್ಬರೂ ತಮ್ಮ ಲಾಭವನ್ನಷ್ಟೇ ನೋಡಿ ಪವರ್ ಆರಿಸಿಕೊಂಡು ಬಂದು ನಿಲ್ಲುವ ಜಾಗದಿಂದ, ಎಲ್ಲರೂ ಒಟ್ಟಿಗೆ ತುಸು ಕೆಳಗಿಳಿದರೆ ಎಲ್ಲರಿಗೂ ಲಾಭವೇ ಆಗುತ್ತದೆ.

ಆದ್ದರಿಂದ ನೋಡ್‌ಗಳು ಗಂಟೆಗೆ ಸರಿಯಾಗಿ ಏಳದಂತೆ, ಪ್ರತಿಯೊಂದಕ್ಕೂ ಪ್ರತಿ ಸಲವೂ ಬೇರೆ ಬೇರೆ ವಿಳಂಬ ಕೊಡು. ಮೂರು ಡೀಫಾಲ್ಟ್ ಚಾನೆಲ್‌ಗಳಲ್ಲೇ ಎಲ್ಲವನ್ನೂ ತುರುಕಿದ್ದೀಯೆ. ಗೇಟ್‌ವೇ ಕೇಳಬಲ್ಲ ಉಳಿದ ಚಾನೆಲ್‌ಗಳನ್ನೂ ಸೇರಿಸು. ಗೇಟ್‌ವೇ ಸಮೀಪದ ನೋಡ್‌ಗಳನ್ನು ಸ್ಪ್ರೆಡಿಂಗ್ ಫ್ಯಾಕ್ಟರ್ 7ಕ್ಕೆ ತಂದು, ಸಂದೇಶ ತಪ್ಪತೊಡಗುವವರೆಗೂ ಪವರನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ, ಅಲ್ಲಿಂದ ಒಂದು ಮೆಟ್ಟಿಲು ಮೇಲೆ ನಿಲ್ಲಿಸು. ಮೊದಲು ಕೆರೆ ಪಕ್ಕದ ತೋಟದಲ್ಲಿ ಮಾಡಿ, ವಾರದ ಲಾಗ್ ಕಳಿಸು. ಜೊತೆಗೆ ಬ್ಯಾಟರಿಯ ವೋಲ್ಟೇಜನ್ನೂ ಬರೆ.

ಇಂತು ನಿನ್ನ ದೊಡ್ಡಪ್ಪ